ಕಿಝಿಯ ಮರದ ಚರ್ಚು

ಮರದಿಂದ ಕಟ್ಟಿದ್ದು ಬಹುಕಾಲ ಬಾಳಲಾರದೆಂಬುದು ಲೋಕದ ಸಾಮಾನ್ಯ ನಂಬಿಕೆ. ಮಳೆಗೆ ಮರ ನೆನೆಯುತ್ತದೆ, ಬಿಸಿಲಿಗೆ ಸೀಳುತ್ತದೆ, ಹುಳು ಹಿಡಿದರೆ ಒಳಗೊಳಗೇ ಟೊಳ್ಳಾಗುತ್ತದೆ, ಒಂದು ಕಿಡಿ ಬಿದ್ದರೆ ಒಂದೇ ರಾತ್ರಿಯಲ್ಲಿ ಬೂದಿಯಾಗುತ್ತದೆ. ಆದುದರಿಂದಲೇ ತಮ್ಮ ಹೆಸರು ಚಿರಕಾಲ ನಿಲ್ಲಬೇಕೆಂದು ಬಯಸಿದ ಅರಸರು ಎಲ್ಲ ದೇಶಗಳಲ್ಲಿಯೂ ಕಲ್ಲನ್ನೇ ಆರಿಸಿಕೊಂಡರು. ಆದರೆ ಹೆಸರಿನ ಹಂಬಲವಿಲ್ಲದ ಹಳ್ಳಿಯ ಜನ ತಮ್ಮ ಸುತ್ತಲಿನ ಕಾಡಿನಿಂದ ಮರ ತಂದು ಕಟ್ಟಿದ ದೇವಮಂದಿರವೊಂದು ಮುನ್ನೂರು ವರ್ಷಗಳನ್ನು ದಾಟಿ ಇಂದಿಗೂ ನಿಂತಿದೆ. ಅದು ರಷ್ಯಾದ ವಾಯವ್ಯ ಮೂಲೆಯಲ್ಲಿರುವ ಕರೇಲಿಯಾ ಸೀಮೆಯಲ್ಲಿ, ಒನೇಗಾ ಸರೋವರದ ನಡುವೆ ಇರುವ ಕಿಝಿ ಎಂಬ ಪುಟ್ಟ ದ್ವೀಪದ ಚರ್ಚು. ಅದು ಹೇಗೆ ನಿಂತಿತು ಎಂಬುದು ಎಷ್ಟು ಸೋಜಿಗದ ಸಂಗತಿಯೋ, ಅದನ್ನು ನಿಲ್ಲಿಸಿಕೊಂಡು ಬಂದವರು ಯಾರು ಎಂಬುದೂ ಅಷ್ಟೇ ವಿಚಾರಯೋಗ್ಯವಾದ ಸಂಗತಿ.

ನಾನು ಪ್ರೌಢಶಾಲೆಯಲ್ಲಿ ಓದುತ್ತಿದ್ದ ಕಾಲಕ್ಕೆ 'ಸೋವಿಯತ್ ಲ್ಯಾಂಡ್' ಎಂಬ ಪತ್ರಿಕೆ ನಮ್ಮ ಊರುಗಳಿಗೂ ಬರುತ್ತಿತ್ತು. ನುಣುಪಾದ ದಪ್ಪ ಕಾಗದ, ಕಣ್ಸೆಳೆಯುವ ಬಣ್ಣದ ಚಿತ್ರಗಳು. ಓದಿದವರಿಗಿಂತ ಅದರ ಹಾಳೆಗಳನ್ನು ಬಿಡಿಸಿ ಪುಸ್ತಕಗಳಿಗೆ ಹೊದಿಕೆ ಹಾಕಿಕೊಂಡ ವಿದ್ಯಾರ್ಥಿಗಳೇ ಹೆಚ್ಚು. ನನ್ನ ಗಣಿತದ ಪುಸ್ತಕದ ಮೇಲೆ ಬಂದು ಕುಳಿತದ್ದು ಈ ಚರ್ಚಿನ ಚಿತ್ರ. ನೀಲಿ ನೀರಿನ ದಡದಲ್ಲಿ ಬೆಳ್ಳಿಯ ಮೊಗ್ಗುಗಳನ್ನು ಗೊಂಚಲಾಗಿ ಕಟ್ಟಿ ನಿಲ್ಲಿಸಿದಂತೆ ಒಂದು ಕಟ್ಟಡ. ಅದು ಬೆಳ್ಳಿಯಲ್ಲ, ತಗಡೂ ಅಲ್ಲ, ಕೇವಲ ಮರ ಎಂದು ಚಿತ್ರದ ಕೆಳಗಿನ ಬರಹ ಹೇಳುತ್ತಿತ್ತು. ಆ ಮಾತನ್ನು ನಂಬುವುದು ನನಗೆ ಕಷ್ಟವಾಯಿತು. ಅಂದಿನ ಆ ಸಂದೇಹ ಪರಿಹಾರವಾಗಲು ಸುಮಾರು ಅರ್ಧ ಶತಮಾನವೇ ಬೇಕಾಯಿತು. ನಿವೃತ್ತನಾದ ಮೇಲೆ, 2023ರ ಜೂನ್ ತಿಂಗಳಲ್ಲಿ, ಪ್ರವಾಸಿಗಳ ಒಂದು ಸಣ್ಣ ತಂಡದೊಡನೆ ಕಿಝಿಯನ್ನು ಕಾಣುವ ಅವಕಾಶ ನನಗೆ ಒದಗಿತು.

ಕರೇಲಿಯಾದ ರಾಜಧಾನಿ ಪೆಟ್ರೊಜವೊಡ್ಸ್ಕ್. 'ಪೀಟರನ ಕಾರ್ಖಾನೆ' ಎಂಬುದು ಆ ಹೆಸರಿನ ಅರ್ಥ. ರಷ್ಯಾದ ಚಕ್ರವರ್ತಿ ಮಹಾ ಪೀಟರನು 1703ರಲ್ಲಿ ಫಿರಂಗಿಗಳನ್ನು ಎರಕಹೊಯ್ಯಲು ಸ್ಥಾಪಿಸಿದ ಕಾರ್ಖಾನೆಯ ಸುತ್ತ ಬೆಳೆದ ಊರು ಅದು. ಅಲ್ಲಿಂದ ನೀರಿನ ದಾರಿಯಲ್ಲಿ ಕಿಝಿಗೆ ಸುಮಾರು 68 ಕಿಲೋಮೀಟರ್. ವೇಗದೋಣಿಯಲ್ಲಿ ಕುಳಿತರೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚಿನ ಪ್ರಯಾಣ. ಒನೇಗಾ ಸರೋವರ ಯೂರೋಪಿನಲ್ಲಿಯೇ ಎರಡನೆಯ ದೊಡ್ಡ ಸರೋವರ. ನಡುವೆ ಹೋದಾಗ ದಡವೇ ಕಾಣದು. ಚಳಿಗಾಲದಲ್ಲಿ ಈ ನೀರೆಲ್ಲ ಹೆಪ್ಪುಗಟ್ಟುತ್ತದೆ. ಜೂನ್ ತಿಂಗಳಲ್ಲಾದರೋ ರಾತ್ರಿ ಹತ್ತು ಗಂಟೆಯಾದರೂ ಸೂರ್ಯ ಮುಳುಗನು. ಮುಳುಗಿದ ಮೇಲೂ ಕತ್ತಲೆ ಪೂರ್ಣವಾಗಿ ಕವಿಯದು. ಕಿಝಿ ಒಂದು ಕಿರಿದಾದ, ನೀಳವಾದ ದ್ವೀಪ. ಉದ್ದ ಆರೇಳು ಕಿಲೋಮೀಟರ್; ಅಗಲ ಒಂದು ಕಿಲೋಮೀಟರಿನಷ್ಟು ಮಾತ್ರ. ಹುಲ್ಲುಗಾವಲು, ಅಲ್ಲಲ್ಲಿ ಹೊಲ, ಯಾಮ್ಕಾ, ವಸೀಲ್ಯೆವೊ ಎಂಬ ಪುಟ್ಟ ಹಳ್ಳಿಗಳು. ನೆಲವೆಲ್ಲ ತಗ್ಗಾಗಿ, ಸಮನಾಗಿ ಹರಡಿಕೊಂಡಿರುವುದರಿಂದ ಚರ್ಚು ಬಹು ದೂರದಿಂದಲೇ ನೀರಿನ ಮೇಲೆ ಎದ್ದು ಕಾಣುತ್ತದೆ. ಅದನ್ನು ಕಟ್ಟಿದವರು ಸ್ಥಳವನ್ನು ಆರಿಸುವಾಗಲೇ ದೋಣಿಯಲ್ಲಿ ಬರುವವನ ಕಣ್ಣನ್ನು ನೆನೆದಿರಬೇಕು. ಸುತ್ತಲಿನ ಹತ್ತಾರು ದ್ವೀಪಗಳ, ದಡಗಳ ಜನರು ಪೂಜೆಗೆ ಬರುತ್ತಿದ್ದುದು ದೋಣಿಗಳಲ್ಲಿಯೇ ಅಲ್ಲವೆ?

ಹತ್ತಿರಕ್ಕೆ ಹೋದಂತೆ, ಅಲ್ಲಿರುವುದು ಒಂದು ಕಟ್ಟಡವಲ್ಲ, ಮೂರು ಕಟ್ಟಡಗಳ ಒಂದು ಕೂಟ ಎಂಬುದು ತಿಳಿಯುತ್ತದೆ. ಎರಡು ಚರ್ಚುಗಳು, ಅವುಗಳ ನಡುವೆ ಒಂದು ಗಂಟೆಗೋಪುರ. ಮೂರನ್ನೂ ಬಳಸಿಕೊಂಡು ಕಲ್ಲು ಮತ್ತು ಮರದ ಒಂದು ಆವರಣ. ದೊಡ್ಡದು ಕ್ರಿಸ್ತನ ರೂಪಾಂತರದ ಹೆಸರಿನಲ್ಲಿರುವ ಚರ್ಚು, 1714ರಲ್ಲಿ ಕಟ್ಟಿದ್ದು. ಅದರ ಎತ್ತರ 37 ಮೀಟರ್, ಗುಮ್ಮಟಗಳು 22. ಚಿಕ್ಕದು ಕನ್ಯೆ ಮರಿಯಳ ಅಭಯದ ಹೆಸರಿನಲ್ಲಿರುವುದು. ಅದರ ಈಗಿನ ಒಂಬತ್ತು ಗುಮ್ಮಟಗಳ ರೂಪ 1764ರದು. ಗಂಟೆಗೋಪುರ ಹತ್ತೊಂಬತ್ತನೆಯ ಶತಮಾನದ್ದು. ಹೀಗೆ ಒಂದೂವರೆ ಶತಮಾನದ ಅಂತರದಲ್ಲಿ ಬೇರೆ ಬೇರೆ ಕೈಗಳು ಕಟ್ಟಿದ ಈ ಮೂರೂ ಒಬ್ಬನೇ ಕಲ್ಪಿಸಿದಂತೆ ಹೊಂದಿಕೊಂಡಿವೆ. ಹಿಂದಿನವನು ಕಟ್ಟಿದ್ದನ್ನು ಮರೆಮಾಡಬೇಕೆಂಬ ಹಠ ಮುಂದಿನವನಲ್ಲಿ ಇರಲಿಲ್ಲ. ಚಿಕ್ಕ ಚರ್ಚು ದೊಡ್ಡ ಚರ್ಚಿಗೆ ತಲೆ ತಗ್ಗಿಸಿ ದಾರಿ ಬಿಟ್ಟುಕೊಟ್ಟಂತೆ ನಿಂತಿದೆ.

ರಷ್ಯನ್ನರು ಕ್ರೈಸ್ತಮತವನ್ನು ಸ್ವೀಕರಿಸಿದ್ದು 988ರಲ್ಲಿ, ಕೀವ್ ನಗರದ ಅರಸು ವ್ಲಾದಿಮಿರನ ಕಾಲದಲ್ಲಿ. ಅದು ಅವರಿಗೆ ಬಂದದ್ದು ರೋಮಿನಿಂದಲ್ಲ, ಪೂರ್ವದ ಬೈಜಾಂಟಿಯಂನಿಂದ. ಆ ಶಾಖೆಗೆ ಆರ್ಥೊಡಾಕ್ಸ್ ಎಂದು ಹೆಸರು. ಈ ಪಂಥದ ಚರ್ಚುಗಳಲ್ಲಿ ಪೂಜೆಗೊಳ್ಳುವುದು ವಿಗ್ರಹಗಳಲ್ಲ, ಹಲಗೆಯ ಮೇಲೆ ಬರೆದ ಪವಿತ್ರ ಚಿತ್ರಗಳು. ಅವುಗಳನ್ನು ಸಾಲುಸಾಲಾಗಿ ಜೋಡಿಸಿ ಗರ್ಭಗುಡಿಯ ಮುಂದೆ ಗೋಡೆಯಂತೆ ನಿಲ್ಲಿಸುತ್ತಾರೆ. ಕಿಝಿಯ ದೊಡ್ಡ ಚರ್ಚಿನಲ್ಲಿ ಚಿನ್ನದ ಲೇಪದ ಕೆತ್ತನೆಯ ನಡುವೆ ಇಂತಹ 102 ಚಿತ್ರಗಳು ನಾಲ್ಕು ಅಂತಸ್ತುಗಳಲ್ಲಿ ನಿಂತಿವೆ. ಈ ಚರ್ಚನ್ನು ಬೆಚ್ಚಗಿಡುವ ಏರ್ಪಾಡಿಲ್ಲ. ಅದುದರಿಂದ ಬೇಸಿಗೆಯಲ್ಲಿ ಮಾತ್ರ ಇಲ್ಲಿ ಪೂಜೆ. ಚಳಿಗಾಲದ ಪೂಜೆಗೆ ಚಿಕ್ಕ ಚರ್ಚು. ಹೀಗೆ ಋತುವಿಗೊಂದು ಮಂದಿರವನ್ನು ಇಟ್ಟುಕೊಂಡಿದ್ದ ಜನ ಸಿರಿವಂತರೇನಲ್ಲ. ಬೇಸಾಯ, ಮೀನುಗಾರಿಕೆ, ಮರಗೆಲಸಗಳಿಂದ ಬದುಕುತ್ತಿದ್ದ ರೈತರು.

ಈ ಸ್ಥಳದಲ್ಲಿ ಮೊದಲಿದ್ದ ಚರ್ಚುಗಳು ಹದಿನೇಳನೆಯ ಶತಮಾನದ ಕೊನೆಗೆ ಸಿಡಿಲು ಬಡಿದು ಸುಟ್ಟುಹೋದವು. ಬೆಂಕಿಯ ಉರಿಯನ್ನು ಕಂಡಿದ್ದ ಜನ ಮತ್ತೆ ಮರವನ್ನೇ ಎತ್ತಿಕೊಂಡರು. ಅವರಿಗೆ ತಿಳಿದಿದ್ದ ವಿದ್ಯೆ ಅದು. ಅವರ ಸುತ್ತ ಇದ್ದ ಸಂಪತ್ತೂ ಅದೇ. ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಅದೇ 1714ರಲ್ಲಿ ಮಹಾ ಪೀಟರನು ತನ್ನ ಹೊಸ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗನ್ನು ಬೇಗ ಕಟ್ಟಿ ಮುಗಿಸುವ ಆತುರದಲ್ಲಿ, ಆ ನಗರವನ್ನು ಬಿಟ್ಟು ದೇಶದ ಬೇರೆಲ್ಲಿಯೂ ಕಲ್ಲಿನ ಕಟ್ಟಡಗಳನ್ನು ಕಟ್ಟಕೂಡದೆಂದು ಆಜ್ಞೆ ಹೊರಡಿಸಿದನು. ಕಲ್ಲು ಕೆಲಸದವರೆಲ್ಲರೂ ರಾಜಧಾನಿಗೇ ಬೇಕಾಗಿದ್ದರು. ಅಲ್ಲಿ ಆಜ್ಞೆಯ ಬಲದಿಂದ ಅರಮನೆಗಳು ಏಳುತ್ತಿದ್ದಾಗ, ಇಲ್ಲಿ ದೂರದ ದ್ವೀಪದಲ್ಲಿ ಹಳ್ಳಿಗರ ಭಕ್ತಿಯ ಬಲದಿಂದ ಈ ಮರದ ಮಂದಿರ ಎದ್ದಿತು.

ಇನ್ನು ಅದರ ರಚನೆಯ ವಿಚಾರ. ಗೋಡೆಗಳು ಪೈನ್ ಮರದ ದಿಮ್ಮಿಗಳವು. ದಿಮ್ಮಿಗಳನ್ನು ಅಡ್ಡಡ್ಡವಾಗಿ ಒಂದರ ಮೇಲೊಂದು ಪೇರಿಸಿ, ಮೂಲೆಗಳಲ್ಲಿ ಕಚ್ಚು ಹೊಡೆದು, ಒಂದು ಇನ್ನೊಂದನ್ನು ಹಿಡಿದುಕೊಳ್ಳುವಂತೆ ಕೂಡಿಸಿದ್ದಾರೆ. ಗೋಡೆಯನ್ನು ಹಿಡಿದು ನಿಲ್ಲಿಸಿರುವುದು ಮೊಳೆಯಲ್ಲ, ಈ ಕಚ್ಚು. ತಳದಲ್ಲಿ ಎಂಟು ಮೂಲೆಗಳ ಒಂದು ದೊಡ್ಡ ಕಟ್ಟು. ಅದರ ನಾಲ್ಕು ದಿಕ್ಕುಗಳಿಗೆ ಚಾಚಿಕೊಂಡ ನಾಲ್ಕು ಕೈಗಳು. ಅದರ ಮೇಲೆ ಕ್ರಮವಾಗಿ ಕಿರಿದಾಗುತ್ತ ಹೋಗುವ ಇನ್ನೆರಡು ಎಂಟು ಮೂಲೆಯ ಕಟ್ಟುಗಳು. ಒಂದೊಂದು ಹಂತದಲ್ಲಿಯೂ ಪೀಪಾಯಿಯನ್ನು ಅಡ್ಡ ಮಲಗಿಸಿದಂತಹ ಬಾಗಿದ ಮಾಡುಗಳು. ಪ್ರತಿಯೊಂದು ಮಾಡಿನ ನೆತ್ತಿಯಲ್ಲಿ ಈರುಳ್ಳಿಯಾಕಾರದ ಒಂದು ಗುಮ್ಮಟ. ಹೀಗೆ ಹಂತಹಂತವಾಗಿ ಏರಿದ ಗುಮ್ಮಟಗಳು ತುದಿಯ ದೊಡ್ಡ ಗುಮ್ಮಟದಲ್ಲಿ ಮುಕ್ತಾಯಗೊಳ್ಳುತ್ತವೆ. ಕೆಳಗೆ ನಿಂತು ನೋಡುವವನ ದೃಷ್ಟಿ ತಾನಾಗಿಯೇ ಒಂದೊಂದು ಮೆಟ್ಟಿಲನ್ನು ಹತ್ತಿ ಆಕಾಶವನ್ನು ಮುಟ್ಟುತ್ತದೆ.

ಆ ಬಡಗಿಗಳ ಮುಖ್ಯ ಆಯುಧ ಕೊಡಲಿ. ಗರಗಸದಿಂದ ಕೊಯ್ದ ಮರದ ನಾರುಗಳು ತೆರೆದುಕೊಂಡು ನೀರು ಹೀರುತ್ತವೆ, ಕೊಡಲಿಯ ಪೆಟ್ಟಿಗೆ ನಾರುಗಳು ಅದುಮಿಕೊಂಡು ನೀರನ್ನು ತಡೆಯುತ್ತವೆ ಎಂಬುದು ಅವರು ಅನುಭವದಿಂದ ಕಂಡುಕೊಂಡಿದ್ದ ಸತ್ಯ. ಮರದ ವೈರಿ ನೀರೆಂಬುದನ್ನು ಅವರು ಒಂದು ಕ್ಷಣವೂ ಮರೆತಿರಲಿಲ್ಲ. ಗೋಡೆಯ ಮೇಲ್ತುದಿಯ ದಿಮ್ಮಿಗಳನ್ನು ಸ್ವಲ್ಪ ಸ್ವಲ್ಪವಾಗಿ ಹೊರಕ್ಕೆ ಚಾಚಿ, ಮಾಡಿನಿಂದ ಇಳಿದ ನೀರು ಗೋಡೆಗೆ ತಾಗದಂತೆ ದೂರಕ್ಕೆ ಬೀಳಿಸಿದರು. ಗುಮ್ಮಟಗಳ ಕೆಳಗೆ, ಕಣ್ಣಿಗೆ ಕಾಣದಂತೆ, ಇನ್ನೊಂದು ಮಾಡನ್ನು ಹೊದಿಸಿ, ಅಕಸ್ಮಾತ್ತಾಗಿ ಸೋರಿದ ನೀರೂ ಹೊರಗೆ ಹರಿದುಹೋಗುವಂತೆ ಮಾಡಿದರು. ಹಲಗೆಗಳ ನಡುವೆ ಭೂರ್ಜವೃಕ್ಷದ ತೊಗಟೆಯನ್ನು ಹಾಸಿದರು. ನಮ್ಮ ಪೂರ್ವಿಕರು ಗ್ರಂಥಗಳನ್ನು ಬರೆಯುತ್ತಿದ್ದ ಭೂರ್ಜಪತ್ರದ ಜಾತಿಯ ಮರವೇ ಅದು. ಗುಮ್ಮಟಗಳಿಗೆ ಹೊದಿಸಿರುವುದು ಆಸ್ಪೆನ್ ಎಂಬ ಮೃದುವಾದ ಮರದ ಸಣ್ಣ ಸಣ್ಣ ಹೆಂಚುಗಳು. ಸುಮಾರು 30,000 ಹೆಂಚುಗಳು! ಒಂದೊಂದನ್ನೂ ಕೊಡಲಿಯಿಂದ ಕಡೆದು, ಗುಮ್ಮಟದ ಬಾಗಿಗೆ ತಕ್ಕಂತೆ ಬಾಗಿಸಿ, ತುದಿಯನ್ನು ಮೆಟ್ಟಿಲುಮೆಟ್ಟಿಲಾಗಿ ಕೆತ್ತಿ, ಮೀನಿನ ಮೈಯ ಪೊರೆಯಂತೆ ಒಂದರ ಮೇಲೊಂದು ಕೂರಿಸಿದ್ದಾರೆ. ಮೊಳೆಗಳ ಬಳಕೆ ಕಾಣುವುದು ಇಲ್ಲಿ. ಹೊಸದರಲ್ಲಿ ಈ ಹೆಂಚಿನ ಬಣ್ಣ ಹೊಂಬಣ್ಣ. ಮಳೆ ಬಿಸಿಲುಗಳಲ್ಲಿ ಹಣ್ಣಾದಂತೆ ಅದು ಬೆಳ್ಳಿಯಾಗುತ್ತದೆ. ಬೆಳಗಿನಲ್ಲಿ ಒಂದು ಹೊಳಪು, ಸಂಜೆಯಲ್ಲಿ ಇನ್ನೊಂದು. ಪುಸ್ತಕದ ಹೊದಿಕೆಯ ಚಿತ್ರದಲ್ಲಿ ನಾನು ಬೆಳ್ಳಿಯೆಂದು ಭ್ರಮಿಸಿದ್ದು ಇದನ್ನೇ.

ಇದನ್ನು ಕಟ್ಟಿದವರ ಹೆಸರನ್ನು ಚರಿತ್ರೆ ಉಳಿಸಿಲ್ಲ. ಚರಿತ್ರೆ ಸುಮ್ಮನಾದ ಕಡೆ ಕಥೆ ಮಾತನಾಡುತ್ತದೆ. ನೆಸ್ಟರ್ ಎಂಬ ಬಡಗಿಯೊಬ್ಬನಿದ್ದನಂತೆ. ಕೊನೆಯ ಗುಮ್ಮಟವನ್ನು ಕೂರಿಸಿ ಕೆಳಗಿಳಿದು ಬಂದು, ತನ್ನ ಕೃತಿಯನ್ನು ಕಣ್ತುಂಬ ನೋಡಿ, ಇಂತಹುದು ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲವೆಂದು ನುಡಿದು, ತನ್ನ ಕೊಡಲಿಯನ್ನು ಒನೇಗಾ ಸರೋವರಕ್ಕೆ ಎಸೆದುಬಿಟ್ಟನಂತೆ. ಕಥೆ ಬಹು ಸೊಗಸಾಗಿದೆ. ಕಲಾವಿದನ ತೃಪ್ತಿಯೂ ಗರ್ವವೂ ಅದರಲ್ಲಿ ಒಟ್ಟಿಗೆ ಕಾಣುತ್ತವೆ. ಆದರೆ ಈ ಕಥೆಯನ್ನು ಕೇಳಿ ತಲೆದೂಗುವವರು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಎಲ್ಲ ಬಡಗಿಗಳೂ ನೆಸ್ಟರನಂತೆಯೇ ಕೊಡಲಿಯನ್ನು ನೀರಿಗೆ ಎಸೆದಿದ್ದರೆ ಆ ಚರ್ಚಿನ ಗತಿ ಏನಾಗುತ್ತಿತ್ತು?

ಮುನ್ನೂರು ವರ್ಷಗಳಲ್ಲಿ ಆ ಕಟ್ಟಡ ಕಂಡ ಕಷ್ಟಗಳು ಅಲ್ಪವಲ್ಲ. ಕಾರ್ಖಾನೆಗಳ ಬಿಟ್ಟಿ ದುಡಿಮೆಯಿಂದ ನೊಂದ ರೈತರು 1769ರಿಂದ 1771ರವರೆಗೆ ಬಂಡಾಯವೆದ್ದಾಗ, ಸರ್ಕಾರದ ಸೇನೆ ಇದೇ ಚರ್ಚಿನ ಬಳಿ ಸೇರಿದ್ದ ಜನರ ಮೇಲೆ ಫಿರಂಗಿ ಹಾರಿಸಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಒಳಮಾಳಿಗೆಯ ಸ್ವರ್ಗಚಿತ್ರಗಳು ಇಲ್ಲವಾದವು. ಇವು ಮನುಷ್ಯರು ತಂದ ಕಷ್ಟಗಳು. ಕಾಲ ತಂದ ಕಷ್ಟ ಇನ್ನೂ ಸೂಕ್ಷ್ಮವಾದುದು. ದಿಮ್ಮಿಗಳು ಅಲ್ಲಲ್ಲಿ ಕೊಳೆತವು, ಹುಳುಗಳು ಕೊರೆದವು, ಕಟ್ಟಡ ತನ್ನ ಭಾರಕ್ಕೆ ತಾನೇ ಕುಗ್ಗಿ ವಾಲತೊಡಗಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಗೋಡೆಗಳಿಗೆ ಹೊರಗಿನಿಂದ ಹಲಗೆ ಹೊಡೆದರು. ಮುಂದೆ ಗುಮ್ಮಟಗಳಿಗೆ ತಗಡು ಹೊದಿಸಿದರು. ವಾಸ್ತುತಜ್ಞ ಅಲೆಕ್ಸಾಂಡರ್ ಒಪೊಲೊವ್ನಿಕೊವ್ ಅವರ ನೇತೃತ್ವದಲ್ಲಿ 1949ರಿಂದ 1959ರವರೆಗೆ ಆ ಹೊದಿಕೆಗಳನ್ನೆಲ್ಲ ತೆಗೆದು ಚರ್ಚಿಗೆ ಅದರ ಮೊದಲಿನ ಚೆಲುವನ್ನು ಮರಳಿಸಲಾಯಿತು. ಮರಳಿ ಬಂದ ಚೆಲುವನ್ನು ಲೋಕ ಮೆಚ್ಚಿತು. ಆದರೆ ಹಲಗೆಯ ಮರೆಯಲ್ಲಿ ಸುರಕ್ಷಿತವಾಗಿದ್ದ ಹಳೆಯ ದಿಮ್ಮಿಗಳು ಮತ್ತೆ ಮಳೆಗಾಳಿಗೆ ಮೈಯೊಡ್ಡಬೇಕಾಯಿತೆಂದು ಹೇಳುವವರೂ ಉಂಟು. ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸಕ್ಕೂ ಎರಡು ಮುಖಗಳಿರುತ್ತವೆ.

1980ರ ವೇಳೆಗೆ ಚರ್ಚು ಬೀಳುವುದೆಂಬ ಭಯ ಹುಟ್ಟಿತು. ಪವಿತ್ರಚಿತ್ರಗಳನ್ನು ಹೊರಗೆ ಸಾಗಿಸಿ, ಬಾಗಿಲು ಮುಚ್ಚಿ, ಒಳಗೆ ಉಕ್ಕಿನ ಒಂದು ದೊಡ್ಡ ಚೌಕಟ್ಟನ್ನು ನಿಲ್ಲಿಸಿ ಕಟ್ಟಡಕ್ಕೆ ಆಸರೆ ಕೊಟ್ಟರು. ರೋಗಿಗೆ ಊರುಗೋಲು ಕೊಟ್ಟ ಹಾಗೆ. ಮುಂದಿನ ಚಿಕಿತ್ಸೆ ಯಾವುದೆಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಕಟ್ಟಡವನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಬೇಕೆಂದರು ಕೆಲವರು. ಒಮ್ಮೆ ಬಿಚ್ಚಿದರೆ ಮತ್ತೆ ಅದೇ ಚರ್ಚು ಆಗದೆಂದರು ಇನ್ನು ಕೆಲವರು. ಈ ನಡುವೆ 1990ರಲ್ಲಿ ಯುನೆಸ್ಕೋ ಸಂಸ್ಥೆ ಕಿಝಿಯ ಕಟ್ಟಡಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೊನೆಗೆ ಒಂದು ಉಪಾಯ ಹೊಳೆಯಿತು. ಚರ್ಚನ್ನು ಅಡ್ಡಲಾಗಿ ಏಳು ಪಟ್ಟಿಗಳೆಂದು ಎಣಿಸಿ, ಮೇಲಿನ ಭಾಗವನ್ನು ಜಾಕುಗಳಿಂದ ಎತ್ತಿ ಉಕ್ಕಿನ ಚೌಕಟ್ಟಿಗೆ ತೂಗುಹಾಕಿ, ಕೆಳಗಿನ ಒಂದು ಪಟ್ಟಿಯನ್ನು ಮಾತ್ರ ಬಿಚ್ಚಿ ಹೊರತೆಗೆಯುವುದು. ಅದರ ಒಂದೊಂದು ದಿಮ್ಮಿಯನ್ನೂ ಪರೀಕ್ಷಿಸಿ, ಕೊಳೆತ ಭಾಗವನ್ನಷ್ಟೇ ಕತ್ತರಿಸಿ ಹೊಸ ಮರದ ತುಂಡನ್ನು ಕೂಡಿಸುವುದು. ಪೂರ್ಣ ಕೆಟ್ಟಿದ್ದರೆ ಮಾತ್ರ ಹೊಸ ದಿಮ್ಮಿ ಹಾಕುವುದು. ದುರಸ್ತಿಯಾದ ಪಟ್ಟಿಯನ್ನು ಮತ್ತೆ ತನ್ನ ಸ್ಥಾನದಲ್ಲಿ ಕೂರಿಸಿ ಮುಂದಿನದಕ್ಕೆ ಹೋಗುವುದು. ಕೆಳಗಿನಿಂದ ಮೇಲಕ್ಕೆ, ಪಟ್ಟಿಯಿಂದ ಪಟ್ಟಿಗೆ, ಸುಮಾರು ಹತ್ತು ವರ್ಷಗಳ ಕಾಲ ಈ ಕೆಲಸ ನಡೆಯಿತು. ಒಂದು ಪಟ್ಟಿಯ ದುರಸ್ತಿ ನಡೆಯುವಾಗ ಅದರ ಮೇಲಿನ ಭಾಗ ನೆಲಕ್ಕಿಳಿಯದೆ ಆಕಾಶದಲ್ಲಿಯೇ ತೂಗಿಕೊಂಡಿತ್ತು. 2020ರಲ್ಲಿ, ನಲವತ್ತು ವರ್ಷಗಳ ಮೇಲೆ, ಚರ್ಚಿನ ಬಾಗಿಲು ಮತ್ತೆ ತೆರೆಯಿತು.

ನಾನು ನೋಡಿದ್ದು ಈ ಪುನರ್ಜನ್ಮ ಪಡೆದ ಚರ್ಚನ್ನು. ಗೋಡೆಯ ಬಳಿ ನಿಂತು ನೋಡಿದರೆ, ಬೂದುಬಣ್ಣಕ್ಕೆ ತಿರುಗಿದ ಹಳೆಯ ದಿಮ್ಮಿಯ ನಡುವೆ ತಿಳಿಬಣ್ಣದ ಹೊಸ ತುಂಡು ಕಾಣುತ್ತದೆ. ಕೂಡುವೆಡೆಯಲ್ಲಿ ಉಗುರು ತೂರಲೂ ಎಡೆಯಿಲ್ಲ. ಅನತಿದೂರದಲ್ಲಿ ಒಬ್ಬ ಕುಶಲಕರ್ಮಿ ಪ್ರವಾಸಿಗಳಿಗೆ ಗುಮ್ಮಟದ ಹೆಂಚನ್ನು ಕಡೆಯುವ ಬಗೆಯನ್ನು ತೋರಿಸುತ್ತಿದ್ದನು. ಮೂವತ್ತರ ಹರೆಯದವನಿರಬೇಕು. ಕೊಡಲಿಯ ಹತ್ತಿಪ್ಪತ್ತು ಪೆಟ್ಟುಗಳಲ್ಲಿ ಮರದ ತುಂಡು ಬಾಗಿತು, ತೆಳುವಾಯಿತು, ತುದಿಯಲ್ಲಿ ಮೆಟ್ಟಿಲು ಪಡೆಯಿತು. ಹಸಿಮರದ ಪರಿಮಳ ಸುತ್ತಲೂ ಹಬ್ಬಿತು. ಹೀಗೆ ಹೊಸ ಹೆಂಚು, ಹೊಸ ದಿಮ್ಮಿ ಹಾಕುತ್ತ ಹೋದರೆ ಇದು ಹಳೆಯ ಚರ್ಚೇ ಎಂದು ಹೇಗೆ ಹೇಳುತ್ತೀರಿ ಎಂದು ನಮ್ಮ ತಂಡದವರೊಬ್ಬರು ಮಾರ್ಗದರ್ಶಿಯ ಮೂಲಕ ಅವನನ್ನು ಕೇಳಿದರು. ಅವನು ನಕ್ಕು, ಕೊಡಲಿ ಹಿಡಿದ ತನ್ನ ಕೈಯನ್ನು ತೋರಿಸಿ, ಪೆಟ್ಟು ಹಾಕುವ ರೀತಿ ಹಳೆಯದು ಎಂದನು. ಅದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಯಾವ ಗ್ರಂಥದಲ್ಲಿಯೂ ಓದಿಲ್ಲ.

ಎಲ್ಲ ಮರದ ಚರ್ಚುಗಳಿಗೂ ಈ ಭಾಗ್ಯ ಒದಗಲಿಲ್ಲ. ಒನೇಗಾದ ದಕ್ಷಿಣಕ್ಕೆ, ವೀತೆಗ್ರಾ ಊರಿನ ಬಳಿ 1708ರಲ್ಲಿ ಕಟ್ಟಿದ್ದ, ಇಪ್ಪತ್ತಕ್ಕೂ ಹೆಚ್ಚು ಗುಮ್ಮಟಗಳಿದ್ದ ಚರ್ಚು 1963ರಲ್ಲಿ ಸುಟ್ಟುಹೋಯಿತು. ಅದು ಕಿಝಿಯ ಚರ್ಚಿಗೆ ಅಣ್ಣನಂತಿತ್ತು. ಮೊದಲೇ ಅಳತೆ ಮಾಡಿ ಬರೆದಿಟ್ಟಿದ್ದ ನಕ್ಷೆಗಳ ಆಧಾರದಿಂದ ಅದರ ಪ್ರತಿರೂಪವನ್ನು ಸೇಂಟ್ ಪೀಟರ್ಸ್‌ಬರ್ಗಿನ ಬಳಿ ಈಚೆಗೆ ಕಟ್ಟಿದ್ದಾರೆ. ಒನೇಗಾದ ದಡದ ಕೊಂದೊಪೊಗಾದಲ್ಲಿ 1774ರ ಇನ್ನೊಂದು ಚರ್ಚಿತ್ತು. ಗುಮ್ಮಟಗಳ ಗೊಂಚಲಿಲ್ಲದೆ, ಒಂದೇ ಶಿಖರವಾಗಿ 42 ಮೀಟರ್ ಎತ್ತರಕ್ಕೆ ನೆಟ್ಟಗೆ ಏರಿದ್ದ ಗಂಭೀರವಾದ ಕಟ್ಟಡ. 2018ರ ಆಗಸ್ಟ್ 10ರಂದು ಹದಿಹರೆಯದ ಹುಡುಗನೊಬ್ಬ ಹಚ್ಚಿದ ಬೆಂಕಿಗೆ ಅದು ಆಹುತಿಯಾಯಿತು. ಸುಮಾರು ಎರಡೂವರೆ ಶತಮಾನಗಳ ಮಳೆ, ಹಿಮ, ಯುದ್ಧಗಳನ್ನು ಸಹಿಸಿದ್ದುದು ಕೆಲವೇ ಗಂಟೆಗಳಲ್ಲಿ ಇಲ್ಲವಾಯಿತು. ಓದುತ್ತಿರುವ ನಿಮ್ಮ ವಯಸ್ಸಿನವನೇ ಆದ ಅವನನ್ನು ನಿಂದಿಸಿ ಪ್ರಯೋಜನವಿಲ್ಲ. ತನ್ನ ಊರಿನ ಆ ಶಿಖರ ಎಷ್ಟು ಕೈಗಳ ಕೆಲಸವೆಂಬುದು ಅವನ ಮನಸ್ಸಿಗೆ ನಾಟುವಂತೆ ಯಾರಾದರೂ ಹೇಳಿದ್ದರೋ ಇಲ್ಲವೋ ಎಂದು ಉಪಾಧ್ಯಾಯನಾಗಿದ್ದ ನನ್ನ ಮನಸ್ಸು ಮಾತ್ರ ಚಿಂತಿಸುತ್ತದೆ.

ಕಲ್ಲಿನ ಕಟ್ಟಡವನ್ನು ಒಂದು ಶತಮಾನ ಮರೆತರೂ ಅದು ಹೇಗೋ ಕಾದಿರುತ್ತದೆ. ಮರದ ಕಟ್ಟಡ ಹಾಗೆ ಕಾಯಲಾರದು. ಪ್ರತಿಯೊಂದು ತಲೆಮಾರೂ ಅದರ ಬಳಿಗೆ ಬರಬೇಕು, ಮೈ ಮುಟ್ಟಿ ನೋಡಬೇಕು, ಕೊಳೆತದ್ದನ್ನು ತೆಗೆದು ಒಳ್ಳೆಯದನ್ನು ಕೂಡಿಸಬೇಕು. ಅದಕ್ಕಾಗಿ ಪ್ರತಿಯೊಂದು ತಲೆಮಾರೂ ಆ ವಿದ್ಯೆಯನ್ನು ಹೊಸದಾಗಿ ಕಲಿಯಬೇಕು. ಹಿರಿಯರಿಂದ ನಮಗೆ ಬರುವ ಸಂಪತ್ತಿನಲ್ಲಿ ಬಹುಪಾಲು ಈ ಮರದ ಜಾತಿಯದೇ. ಭಾಷೆ ಅಂತಹುದು, ಸಂಗೀತ ಅಂತಹುದು, ಒಳ್ಳೆಯ ನಡತೆಯೂ ಅಂತಹುದೇ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಅವು ಉಳಿಯುವುದಿಲ್ಲ. ಕೈಯಿಂದ ಕೈಗೆ ದಾಟಿದರೆ ಮಾತ್ರ ಉಳಿಯುತ್ತವೆ.

'ಕೊಡಲಿ ಕಾವು ಕುಲಕ್ಕೆ ಸಾವು' ಎಂಬ ಗಾದೆ ನಮ್ಮಲ್ಲಿ ಉಂಟು. ಕೊಡಲಿಯ ಕಾವೂ ಮರದ್ದೇ. ಅದೇ ಮರದ ಕುಲಕ್ಕೆ ಮೃತ್ಯುವಾಗುತ್ತದೆಂಬುದು ಅದರ ತಾತ್ಪರ್ಯ. ಕಿಝಿಯಲ್ಲಿ ಈ ಗಾದೆ ತಲೆಕೆಳಗಾಗಿದೆ. ಅಲ್ಲಿ ಕೊಡಲಿಯೇ ಮರಕ್ಕೆ ಆಯುಸ್ಸು ಕೊಟ್ಟಿದೆ. ನೆಸ್ಟರನು ನೀರಿಗೆ ಎಸೆದನೆಂಬ ಕೊಡಲಿಯನ್ನು ಕುರಿತು ಜನ ಇಂದಿಗೂ ಕಥೆ ಹೇಳುತ್ತಾರೆ, ಅದು ನ್ಯಾಯವೇ. ಆದರೆ ಅವನ ತರುವಾಯ ಬಂದ, ಕಥೆಯೂ ಇಲ್ಲದ, ಹೆಸರೂ ಇಲ್ಲದ ನೂರಾರು ಬಡಗಿಗಳು ತಮ್ಮ ಕೊಡಲಿಗಳನ್ನು ಕೆಳಗಿಡಲಿಲ್ಲ. ಆ ಇಪ್ಪತ್ತೆರಡು ಗುಮ್ಮಟಗಳು ಇಂದೂ ಒನೇಗಾದ ನೀರಿನ ಮೇಲೆ ತಮ್ಮ ನೆರಳನ್ನು ಚೆಲ್ಲುತ್ತಿರುವುದು ಅವರ ದೆಸೆಯಿಂದ.